ಮೂರು ಪದರದ ಕೆಂಪು, ಒಂದು ಬಾಗಿಲಿನ ಗೀರು: ಅಪರೂಪದ ಬಣ್ಣದ ಕಾರುಗಳ ರಿಪೇರಿ ಮತ್ತು ವಿಮೆ

ಬದಿಯಡ್ಕದ ಕಾರು ಮಾಲಕ:

ಎಲ್ಲರಿಗೂ ನಮಸ್ಕಾರ. ಕಳೆದ ವರ್ಷ ನಾವು ಕೊಂಡ ಕಾರಿನ ಬಣ್ಣ ಶೋರೂಮಿನವರು ‘ಟ್ರೈ-ಕೋಟ್’ ಎಂದು ಕರೆಯುವ ಕೆಂಪು. ನೆರಳಿನಲ್ಲಿ ಕಪ್ಪುಗೆಂಪಾಗಿ ಕಾಣುವ ಈ ಬಣ್ಣ ಬಿಸಿಲಿಗೆ ಬಂದೊಡನೆ ಬೇರೆಯೇ ಆಗಿಬಿಡುತ್ತದೆ. ಆ ಸೊಗಸಿಗೆ ಮನಸೋತು ಹೆಚ್ಚುವರಿ ಹಣ ಕೊಟ್ಟೇ ತೆಗೆದುಕೊಂಡೆವು. ಈಚೆಗೆ ಕುಂಬಳೆಯ ಬಳಿ ಹೆದ್ದಾರಿಯ ಸರ್ವೀಸ್ ರಸ್ತೆಯಲ್ಲಿ ಲಾರಿಯೊಂದು ಉಜ್ಜಿಕೊಂಡು ಹೋದದ್ದರಿಂದ ಎಡಬದಿಯ ಹಿಂದಿನ ಬಾಗಿಲಿನಲ್ಲಿ ಉದ್ದನೆಯ ಗೀರೂ ಸಣ್ಣದೊಂದು ತಗ್ಗೂ ಆದವು. ಮಂಗಳೂರಿನ ವರ್ಕ್‌ಶಾಪಿನವರು ಹಿಂದಿನ ಬಾಗಿಲಿಗೆ ಪೂರ್ತಿ ಪೈಂಟ್ ಮಾಡಬೇಕೆಂದೂ, ಬಣ್ಣ ಹೊಂದಿಕೆಯಾಗಲು ಮುಂದಿನ ಬಾಗಿಲಿಗೂ ಹಿಂಬದಿಯ ಚಕ್ರದ ಮೇಲಿನ ಕ್ವಾರ್ಟರ್ ಪ್ಯಾನಲ್‌ಗೂ ಬ್ಲೆಂಡಿಂಗ್ (ಹೊಸ ಬಣ್ಣವನ್ನು ಪಕ್ಕಕ್ಕೆ ತೆಳುವಾಗಿ ಹಬ್ಬಿಸುವುದು) ಮಾಡಬೇಕೆಂದೂ ಎಸ್ಟಿಮೇಟ್ ಬರೆದುಕೊಟ್ಟಿದ್ದಾರೆ. ಹಾನಿಯ ಅಂದಾಜು ಮಾಡುವ ವಿಮಾ ಕಂಪನಿಯ ಸರ್ವೇಯರ್ ಮಾತ್ರ ಪೆಟ್ಟು ಬಿದ್ದಿರುವುದು ಒಂದೇ ಬಾಗಿಲಿಗೆ, ಆದ್ದರಿಂದ ಒಂದೇ ಬಾಗಿಲಿನ ಹಣ ಎಂದು ಉಳಿದೆರಡನ್ನು ಹೊಡೆದುಹಾಕಿದ್ದಾರೆ.

ನನ್ನ ಪ್ರಶ್ನೆ ಎರಡು. ವರ್ಕ್‌ಶಾಪಿನವರು ಹೇಳುವ ಬ್ಲೆಂಡಿಂಗ್ ನಿಜವಾಗಿಯೂ ಬೇಕೋ, ಅಥವಾ ಬಿಲ್ಲು ಬೆಳೆಸುವ ಉಪಾಯವೋ? ಬೇಕೇ ಬೇಕೆಂದಾದರೆ ಅದರ ಖರ್ಚು ಯಾರ ಪಾಲಿಗೆ ಬರಬೇಕು?

ಉಪ್ಪಳದ ಪೈಂಟರ್:

ಬದಿಯಡ್ಕದವರೇ, ನೀವು ಹೇಳಿದ ವರ್ಕ್‌ಶಾಪಿಗೂ ನನಗೂ ಯಾವ ಸಂಬಂಧವೂ ಇಲ್ಲ. ಆದರೂ ಈ ವಿಷಯದಲ್ಲಿ ಅವರು ಹೇಳಿದ್ದು ಸರಿ ಎಂದೇ ಹೇಳಬೇಕಾಗುತ್ತದೆ.

ಸಾಮಾನ್ಯ ಬಣ್ಣಕ್ಕೆ ಪ್ರೈಮರ್ ಎಂಬ ಅಡಿಪದರದ ಮೇಲೆ ಬಣ್ಣ ಕೊಡುವ ಬೇಸ್ ಕೋಟ್, ಅದರ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್, ಅಷ್ಟೇ. ನಿಮ್ಮ ಕಾರಿನಲ್ಲಿ ಇವೆರಡರ ನಡುವೆ ಇನ್ನೊಂದು ಪದರವಿದೆ. ಅದು ಅರೆಪಾರದರ್ಶಕವಾದದ್ದು, ಅದರಲ್ಲಿ ಕೆಂಪು ಟಿಂಟ್ (ಬಣ್ಣ ಕೊಡುವ ದ್ರವ್ಯ) ಅಥವಾ ಮೈಕಾದ, ಅಂದರೆ ಅಭ್ರಕದ, ಹುಡಿ ಇರುತ್ತದೆ. ಬೆಳಕು ಆ ಪದರವನ್ನು ದಾಟಿ ಒಳಗಿನ ಬೇಸ್‌ಗೆ ತಾಗಿ ಮತ್ತೆ ಅದರ ಮೂಲಕವೇ ಹೊರಗೆ ಬರುವುದರಿಂದ ನೀವು ಹೇಳಿದ ಸೊಗಸು ಹುಟ್ಟುತ್ತದೆ. ತೊಂದರೆ ಹುಟ್ಟುವುದೂ ಅಲ್ಲಿಂದಲೇ. ಆ ನಡುವಿನ ಪದರವನ್ನು ಒಂದು ಕೋಟ್ ಹೆಚ್ಚು ಹೊಡೆದರೆ ಬಣ್ಣ ಗಾಢವಾಗುತ್ತದೆ, ಒಂದು ಕೋಟ್ ಕಡಿಮೆಯಾದರೆ ತೆಳುವಾಗುತ್ತದೆ. ಬಾಗಿಲಿನ ಕಂಬದ ಸ್ಟಿಕ್ಕರಿನಲ್ಲಿರುವ ಪೈಂಟ್ ಕೋಡ್ ನೋಡಿ ಫಾರ್ಮುಲಾ ತೆಗೆದರೂ ಎಷ್ಟು ಕೋಟ್ ಎಂಬುದನ್ನು ಆ ಕೋಡ್ ಹೇಳುವುದಿಲ್ಲ. ಅದಕ್ಕೆ ನಾವು ಮೊದಲು ಒಂದು ಉದ್ದನೆಯ ತಗಡಿಗೆ ಬೇಸ್ ಹೊಡೆದು, ಅದರ ಒಂದು ಭಾಗಕ್ಕೆ ಒಂದೇ ಕೋಟ್, ಪಕ್ಕದ ಭಾಗಕ್ಕೆ ಎರಡು, ಆಚೆಗೆ ಮೂರು, ನಾಲ್ಕು ಎಂದು ನಡುವಿನ ಪದರವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ, ಮೇಲಿಂದ ಕ್ಲಿಯರ್ ಹಾಕಿ ಒಣಗಿಸುತ್ತೇವೆ. ಆ ತಗಡನ್ನು ಬಿಸಿಲಿನಲ್ಲಿ ಕಾರಿನ ಪಕ್ಕಕ್ಕೆ ಹಿಡಿದು, ಎದುರಿನಿಂದಲೂ ಓರೆಯಿಂದಲೂ ನೋಡಿ, ಯಾವ ಮೆಟ್ಟಿಲು ಕೂಡುತ್ತದೆ ಎಂದು ತೀರ್ಮಾನಿಸಬೇಕು. ಈ ಕೆಲಸಕ್ಕೇ ಅರ್ಧ ದಿನ ಬೇಕು. ಬಿಲ್ಲಿನಲ್ಲಿ ಇದಕ್ಕೆ ಪ್ರತ್ಯೇಕ ಸಾಲು ಇರುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಅಂಚಿಗೆ ಅಂಚು ಇಟ್ಟಾಗ ಸಣ್ಣ ವ್ಯತ್ಯಾಸ ಉಳಿದೇ ಉಳಿಯುತ್ತದೆ. ಕಾರ್ಖಾನೆಯಲ್ಲಿ ರೋಬೋಟ್ ಸಮನಾಗಿ ಹೊಡೆದ ಬಣ್ಣವನ್ನು ಸುಮಾರು 140 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಪ್ಲಾಸ್ಟಿಕ್, ವಯರಿಂಗ್, ಸೀಟು ಎಲ್ಲವೂ ಇರುವ ಕಾರನ್ನು ನಮ್ಮ ಬೂತ್‌ನಲ್ಲಿ ಹಾಗೆ ಬೇಯಿಸಲಾಗದು. ಸುಮಾರು 60 ಡಿಗ್ರಿಯಲ್ಲಿ ಗಟ್ಟಿಯಾಗುವ ಬೇರೆ ಬಗೆಯ ಪೈಂಟನ್ನೇ ನಾವು ಬಳಸುತ್ತೇವೆ. ಪೈಂಟ್ ಒದ್ದೆಯಾಗಿ ಬಿದ್ದರೆ ಮೆಟಾಲಿಕ್ ಹುಡಿ ಕೆಳಗಿಳಿದು ಬಣ್ಣ ಕಪ್ಪಾಗಿ ತೋರುತ್ತದೆ, ಒಣಗಾಗಿ ಬಿದ್ದರೆ ಹುಡಿ ಮೇಲೆಯೇ ನಿಂತು ಬೆಳ್ಳಗೆ ತೋರುತ್ತದೆ. ಗನ್ನಿನ ಗಾಳಿ, ದೂರ, ತಿನ್ನರ್, ಆ ದಿನದ ಹವೆ ಎಲ್ಲವೂ ಇದರಲ್ಲಿ ಸೇರುತ್ತವೆ. ನಮ್ಮ ಊರಿನ ಆಟಿಯ ಮಳೆಯಲ್ಲಿ ಹೊಡೆದ ಪೈಂಟೂ ಮಾರ್ಚ್ ತಿಂಗಳಿನಲ್ಲಿ ಹೊಡೆದ ಪೈಂಟೂ ಒಂದೇ ಡಬ್ಬದ್ದಾದರೂ ಒಂದೇ ಆಗುವುದಿಲ್ಲ.

ಆದ್ದರಿಂದ ಬೇಸನ್ನು ಪೆಟ್ಟು ಬಿದ್ದ ಬಾಗಿಲಿನೊಳಗೇ ನಿಲ್ಲಿಸಿ, ನಡುವಿನ ಪದರವನ್ನು ಪಕ್ಕದ ಪ್ಯಾನಲ್‌ಗಳ ಮೇಲೆ ಕ್ರಮೇಣ ತೆಳುವಾಗಿಸುತ್ತ ಕೊಂಡುಹೋಗಿ, ಕ್ಲಿಯರನ್ನು ಮಾತ್ರ ಮೂರೂ ಪ್ಯಾನಲ್‌ಗಳ ಅಂಚಿನವರೆಗೆ ಹಾಕುತ್ತೇವೆ. ವ್ಯತ್ಯಾಸ ಹೋಗುವುದಿಲ್ಲ, ಆದರೆ ಅದು ಎಲ್ಲಿ ಶುರುವಾಗುತ್ತದೆ ಎಂದು ಕಣ್ಣಿಗೆ ಸಿಗುವುದಿಲ್ಲ. ಬ್ಲೆಂಡಿಂಗ್ ಎಂದರೆ ಇಷ್ಟೇ.

ಕುಂಬಳೆ ವಾಸಿ:

ಇಷ್ಟೆಲ್ಲ ತಾಪತ್ರಯ ಯಾಕೆ ಮಾರಾಯರೇ, ಬಿಳಿ ಕಾರು ತೆಗೆದುಕೊಂಡಿದ್ದರೆ ಮುಗಿಯುತ್ತಿತ್ತು. ಅಲ್ಲದೆ ಕೆಂಪು ಕಾರಿಗೆ ವಿಮೆಯ ಪ್ರೀಮಿಯಂ ಕೂಡ ಹೆಚ್ಚು ಎಂದು ಕೇಳಿದ್ದೇನೆ.

ಉಪ್ಪಳದ ಪೈಂಟರ್:

ಬಿಳಿಯಲ್ಲಿಯೂ ಎರಡು ಜಾತಿ. ಮಿನುಗಿಲ್ಲದ ಸಾದಾ ಬಿಳಿಯಷ್ಟು ಸುಲಭದ ಕೆಲಸ ಇನ್ನೊಂದಿಲ್ಲ. ಆದರೆ ಹೆಚ್ಚು ಹಣ ಕೊಟ್ಟು ಕೊಳ್ಳುವ ಪರ್ಲ್ ಬಿಳಿ ಎಷ್ಟೋ ಮಾದರಿಗಳಲ್ಲಿ ಮೂರು ಪದರದ್ದೇ ಆಗಿರುತ್ತದೆ, ಮತ್ತು ಕೆಂಪಿಗಿಂತಲೂ ಹೆಚ್ಚು ಸತಾಯಿಸುತ್ತದೆ. ಬಿಳಿಯಲ್ಲಿ ಕೂದಲೆಳೆಯಷ್ಟು ಹಳದಿ ಹೆಚ್ಚಾದರೂ ದೂರದಿಂದಲೇ ಗೊತ್ತಾಗುತ್ತದೆ. ಇತ್ತೀಚೆಗೆ ಜನ ಇಷ್ಟಪಡುವ ಮಿನುಗಿಲ್ಲದ ಬೂದು, ಜೇಡಿಮಣ್ಣಿನ ಬಣ್ಣಗಳು ನೋಡಲು ವಿಚಿತ್ರವಾದರೂ ಪೈಂಟರಿಗೆ ಸಲೀಸು. ಬಣ್ಣ ಅಪರೂಪದ್ದೋ ಅಲ್ಲವೋ ಎಂಬುದಕ್ಕಿಂತ ಅದರಲ್ಲಿ ಎಷ್ಟು ಪದರವಿದೆ, ಯಾವ ಹುಡಿಯಿದೆ ಎಂಬುದನ್ನು ಕೇಳಬೇಕು. ಹಳದಿ ಮತ್ತು ಕೆಲವು ಕೆಂಪುಗಳಿಗೆ ಮಾತ್ರ ಮುಚ್ಚುವ ಶಕ್ತಿ ಕಡಿಮೆ. ಅಡಿಯ ಪ್ರೈಮರಿಗೂ ತಕ್ಕ ಬಣ್ಣ ಕೊಡದಿದ್ದರೆ ಕೋಟ್ ಮೇಲೆ ಕೋಟ್ ಹೊಡೆಯುತ್ತಲೇ ಇರಬೇಕಾಗುತ್ತದೆ.

ಕಾಸರಗೋಡಿನ ನಿವೃತ್ತ ಸರ್ವೇಯರ್:

ಪ್ರೀಮಿಯಂ ಕುರಿತ ಮಾತನ್ನು ಮೊದಲು ತಿಳಿಯಾಗಿಸುತ್ತೇನೆ. ಕೆಂಪು ಕಾರಿಗೆ ಹೆಚ್ಚು ಪ್ರೀಮಿಯಂ ಎಂಬುದು ಅಮೆರಿಕದಲ್ಲಿಯೂ ನಿಜವಲ್ಲದ, ಆದರೂ ಎಲ್ಲೆಡೆ ಓಡಾಡುವ ಮಾತು. ನಮ್ಮಲ್ಲಿ ಸ್ವಂತ ಹಾನಿಯ, ಅಂದರೆ ನಮ್ಮದೇ ಕಾರಿಗಾಗುವ ಹಾನಿಯ, ಪ್ರೀಮಿಯಂ ವಾಹನದ ಘೋಷಿತ ಮೌಲ್ಯ, ಅಂದರೆ ಐಡಿವಿ, ವಾಹನದ ಪ್ರಾಯ, ಇಂಜಿನ್ನಿನ ಸಿಸಿ, ನೋಂದಣಿಯ ವಲಯ ಇವುಗಳ ಮೇಲೆ ನಿಲ್ಲುತ್ತದೆ. ಬೆಂಗಳೂರು, ಚೆನ್ನೈ, ಮುಂಬೈಯಂಥ 8 ಮಹಾನಗರಗಳು ‘ಎ’ ವಲಯ. ಕಾಸರಗೋಡು, ಮಂಗಳೂರು ಎರಡೂ ‘ಬಿ’ ವಲಯ. ಹಾಗಾಗಿ ಕಾಸರಗೋಡಿನ ಕೆಎಲ್ 14 ನಂಬರಾಗಲಿ ಮಂಗಳೂರಿನ ಕೆಎ 19 ನಂಬರಾಗಲಿ ಈ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ. ಇತರರಿಗಾಗುವ ಹಾನಿಗೆಂದು ಕಟ್ಟುವ ಥರ್ಡ್ ಪಾರ್ಟಿ ದರವಂತೂ ಸಿಸಿ ನೋಡಿ ಸರಕಾರವೇ ನಿಗದಿ ಮಾಡುವಂಥದ್ದು. ಇವುಗಳಲ್ಲಿ ಎಲ್ಲಿಯೂ ಬಣ್ಣಕ್ಕೆ ಜಾಗವಿಲ್ಲ. ವಿಶೇಷ ಬಣ್ಣಕ್ಕೆ ಕೊಟ್ಟ ಹೆಚ್ಚುವರಿ ಹಣ ಕಾರಿನ ಬೆಲೆಯಲ್ಲಿ ಸೇರಿದ್ದರೆ ಐಡಿವಿ ಸ್ವಲ್ಪ ಏರುತ್ತದೆ, ಆದರೆ ಆ ವ್ಯತ್ಯಾಸ ಗಮನಕ್ಕೆ ಬರುವಂಥದ್ದಲ್ಲ.

ಬಣ್ಣದ ಪ್ರಶ್ನೆ ಎದುರಾಗುವುದು ಕ್ಲೇಮಿನಲ್ಲಿ. ಪಾಲಿಸಿಯ ಷರತ್ತನ್ನು ತೆಗೆದು ನೋಡಿ: ಪೈಂಟಿನ ಸಾಮಗ್ರಿಯ ಬೆಲೆಯಲ್ಲಿ ಶೇ. 50ರಷ್ಟು ಸವಕಳಿ (ಹಳೆಯದಾದದ್ದಕ್ಕೆ ತಗ್ಗಿಸುವ ಬೆಲೆ) ಕಳೆಯಬೇಕು, ಕೂಲಿಯಲ್ಲಿ ಕಳೆಯುವಂತಿಲ್ಲ. ಸಾಮಗ್ರಿ, ಕೂಲಿ ಎರಡನ್ನೂ ಸೇರಿಸಿ ಒಟ್ಟು ಬಿಲ್ಲು ಕೊಟ್ಟಿದ್ದರೆ ಅದರ ಶೇ. 25ನ್ನು ಸಾಮಗ್ರಿಯೆಂದು ಭಾವಿಸಬೇಕು. ತಗಡಿನ ಭಾಗಗಳಿಗೆ ಮೊದಲ 6 ತಿಂಗಳು ಸವಕಳಿಯಿಲ್ಲ, ಆಮೇಲೆ ಪ್ರಾಯಕ್ಕೆ ತಕ್ಕಂತೆ ಏರುತ್ತದೆ. ಪೈಂಟಿಗಾದರೆ ಕಾರು ಹೊಸದಾಗಿದ್ದಾಗಲೂ ಅರ್ಧ ಹೋಗುತ್ತದೆ.

ಉದಾಹರಣೆಗೆ ಮೂರು ಪ್ಯಾನಲ್‌ಗಳ ಪೈಂಟಿಂಗ್ ಬಿಲ್ಲು 15,000 ರೂಪಾಯಿ ಎಂದಿಟ್ಟುಕೊಳ್ಳಿ. ಒಟ್ಟು ಬಿಲ್ಲಾಗಿದ್ದರೆ ಸಾಮಗ್ರಿ 3,750, ಸವಕಳಿ 1,875. ಕಾರು 1500 ಸಿಸಿಯೊಳಗಿನದಾದರೆ ಮಾಲಕರೇ ಭರಿಸಬೇಕಾದ ಕಡ್ಡಾಯ ಕಡಿತ 1,000. ನಿಮ್ಮ ಕೈಗೆ ಬರುವುದು 12,125. ಅದೇ ಬಿಲ್ಲಿನಲ್ಲಿ ಸಾಮಗ್ರಿ 7,000, ಕೂಲಿ 8,000 ಎಂದು ಬೇರೆ ಬೇರೆಯಾಗಿ ಬರೆದಿದ್ದರೆ ಸವಕಳಿ 3,500 ಆಗಿ ಕೈಗೆ ಬರುವುದು 10,500. ಟ್ರೈ-ಕೋಟ್ ಕೆಲಸದಲ್ಲಿ ಟಿಂಟಿನ ಬೆಲೆ ಹೆಚ್ಚಾದ್ದರಿಂದ ಪೂರ್ತಿ ವಿವರ ಬರೆಯುವ ಪ್ರಾಮಾಣಿಕ ವರ್ಕ್‌ಶಾಪಿನ ಗಿರಾಕಿಗೇ ನಷ್ಟ ಹೆಚ್ಚು. ನಿಯಮ ಮಾಡಿದವರ ಎದುರು ಇದ್ದದ್ದು ಸಾದಾ ಬಣ್ಣಗಳ ಕಾಲದ ಲೆಕ್ಕ ಎಂದು ನನಗೆ ಯಾವಾಗಲೂ ಅನ್ನಿಸಿದೆ. ಝೀರೋ ಡೆಪ್ ಎಂಬ ಹೆಚ್ಚುವರಿ ಕವರ್ ತೆಗೆದುಕೊಂಡಿದ್ದರೆ ಈ ಸವಕಳಿಯ ಗೋಜಿಲ್ಲ. ಕಡ್ಡಾಯ ಕಡಿತ ಮಾತ್ರ ಹಾಗೆಯೇ ಉಳಿಯುತ್ತದೆ. ವಿಶೇಷ ಬಣ್ಣದ ಕಾರು ಕೊಳ್ಳುವವರಿಗೆ ಮೊದಲ ಕೆಲವು ವರ್ಷ ಆ ಕವರ್ ಬಿಡಬೇಡಿ ಎಂದೇ ನಾನು ಹೇಳುತ್ತ ಬಂದಿದ್ದೇನೆ.

ಇನ್ನು ಬ್ಲೆಂಡಿಂಗ್. ಪಾಲಿಸಿಯ ಭಾಷೆಯಲ್ಲಿ ಅದಕ್ಕೆ ಪರವಾಗಿಯೂ ಇಲ್ಲ, ವಿರೋಧವಾಗಿಯೂ ಇಲ್ಲ. ಸರ್ವೇಯರ್ ನೋಡುವುದು ಪೆಟ್ಟು ಬಿದ್ದ ಜಾಗವನ್ನು. ಪೆಟ್ಟಿಲ್ಲದ ಬಾಗಿಲಿಗೆ ಪೈಂಟ್ ಎಂದು ಕಂಡರೆ ಹಳೆಯ ಗೀರನ್ನೂ ಇದೇ ಕ್ಲೇಮಿನಲ್ಲಿ ತೇಲಿಸಿಬಿಡುವ ಹುನ್ನಾರವೋ ಎಂದು ಅವರಿಗೆ ಸಂಶಯ ಬರುತ್ತದೆ. ಆ ಸಂಶಯ ಆಧಾರವಿಲ್ಲದ್ದೂ ಅಲ್ಲ. ಆದರೆ ವಾಹನವನ್ನು ಅಪಘಾತಕ್ಕೆ ಮುಂಚಿನ ಸ್ಥಿತಿಗೆ ತರುವುದೇ ವಿಮೆಯ ಉದ್ದೇಶವಾದ್ದರಿಂದ, ಬ್ಲೆಂಡಿಂಗ್ ಇಲ್ಲದೆ ಆ ಸ್ಥಿತಿಗೆ ಬರುವುದಿಲ್ಲವೆಂದು ತೋರಿಸಿಕೊಟ್ಟರೆ ಒಪ್ಪುವ ಸರ್ವೇಯರ್‌ಗಳೂ ಇದ್ದಾರೆ.

ಬದಿಯಡ್ಕದ ಕಾರು ಮಾಲಕ:

ತೋರಿಸಿಕೊಡುವುದು ಹೇಗೆ ಎಂಬುದೇ ನನಗೆ ತಿಳಿಯದು. ಫೋನಿನಲ್ಲಿ ಮಾತನಾಡಿದರೆ ‘ಪಾಲಿಸಿಯಲ್ಲಿ ಇಲ್ಲ’ ಎಂಬ ಒಂದೇ ಉತ್ತರ ಬರುತ್ತದೆ.

ಕಾಸರಗೋಡಿನ ನಿವೃತ್ತ ಸರ್ವೇಯರ್:

ಫೋನಿನ ಮಾತು ಬೇಡ, ಎಲ್ಲವೂ ಬರವಣಿಗೆಯಲ್ಲಿರಲಿ. ಎಸ್ಟಿಮೇಟ್‌ನಲ್ಲಿ ‘ಪೈಂಟಿಂಗ್, ಮೂರು ಪ್ಯಾನಲ್’ ಎಂದಿದ್ದರೆ ಅದನ್ನು ಬದಲಾಯಿಸಿಕೊಳ್ಳಿ. ಪೈಂಟ್ ಕೋಡ್, ಅದು ಟ್ರೈ-ಕೋಟ್ ಎಂಬ ಮಾತು, ಹಿಂದಿನ ಬಾಗಿಲಿಗೆ ಪೂರ್ತಿ ಪೈಂಟ್, ಪಕ್ಕದ ಎರಡಕ್ಕೆ ನಡುವಿನ ಪದರದ ಬ್ಲೆಂಡಿಂಗ್ ಮತ್ತು ಕ್ಲಿಯರ್ ಮಾತ್ರ, ಹೀಗೆ ಪ್ರತಿಯೊಂದೂ ಬೇರೆ ಸಾಲಿನಲ್ಲಿರಲಿ. ಪಕ್ಕದ ಪ್ಯಾನಲ್‌ಗಳಲ್ಲಿ ಹಳೆಯ ಗೀರು ಇಲ್ಲವೆಂಬುದಕ್ಕೆ ಹತ್ತಿರದ ಫೋಟೋಗಳಿರಲಿ; ಸರ್ವೇಯರರ ಸಂಶಯ ಅಲ್ಲಿಗೇ ಕಡಿಮೆಯಾಗುತ್ತದೆ. ಉಪ್ಪಳದವರು ಹೇಳಿದ ಟೆಸ್ಟ್ ತಗಡನ್ನು ಮೊದಲೇ ಹೊಡೆಸಿ, ಕಾರಿನ ಪಕ್ಕದಲ್ಲಿಟ್ಟು ಬಿಸಿಲಿನಲ್ಲಿ ತೆಗೆದ ಫೋಟೋವನ್ನೂ ಸೇರಿಸಿ. ಇದೆಲ್ಲ ಕೆಲಸ ಶುರುವಾಗುವ ಮೊದಲೇ ಆಗಬೇಕು. ಕೆಲಸ ಮುಗಿಸಿ ಬಿಲ್ಲು ಹಿಡಿದುಕೊಂಡು ಹೋದರೆ ಯಾರೂ ಕೇಳುವುದಿಲ್ಲ.

ಆಗಲೂ ನಿರಾಕರಿಸಿದರೆ ಕಾರಣವನ್ನು ಬರೆದುಕೊಡುವಂತೆ ಕೇಳಿ, ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಇಂಥ ದೂರುಗಳನ್ನು ತೀರ್ಮಾನಿಸುವ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಶುಲ್ಕವಿಲ್ಲ, ವಕೀಲರೂ ಬೇಡ. ನಮ್ಮ ಗಡಿನಾಡಿನವರಿಗೆ ಇಲ್ಲೊಂದು ಅನುಕೂಲವಿದೆ. ದೂರುದಾರರ ಮನೆ ಇರುವ ಜಾಗ ಅಥವಾ ಕಂಪನಿಯ ಶಾಖೆ ಇರುವ ಜಾಗ, ಇವೆರಡರಲ್ಲಿ ಯಾವುದರ ವ್ಯಾಪ್ತಿಯ ಓಂಬುಡ್ಸ್‌ಮನ್‌ಗೂ ದೂರು ಕೊಡಬಹುದು. ಬದಿಯಡ್ಕದಲ್ಲಿ ಮನೆಯಿರುವ ನಿಮಗೆ ಕೊಚ್ಚಿ ಹೇಗೂ ಇದೆ. ಪಾಲಿಸಿ ಮಂಗಳೂರಿನ ಶಾಖೆಯದ್ದಾದರೆ ಬೆಂಗಳೂರಿಗೂ ಬರೆಯಬಹುದು.

ಮುಳ್ಳೇರಿಯದ ಕೃಷಿಕ:

ಚರ್ಚೆ ಟ್ರೈ-ಕೋಟಿನದ್ದಾದರೂ ಮ್ಯಾಟ್ ಬಣ್ಣದ ಬಗ್ಗೆ ಒಂದು ಮಾತು ಹೇಳಬೇಕೆನಿಸಿತು, ಏಕೆಂದರೆ ಕಿಯಾ ಸೆಲ್ಟೋಸ್‌ನ ಎಕ್ಸ್-ಲೈನ್, ಫೋಕ್ಸ್‌ವ್ಯಾಗನ್‌ನ ಕಾರ್ಬನ್ ಸ್ಟೀಲ್ ಮ್ಯಾಟ್ ಎಂದು ಈಗ ಕಾರ್ಖಾನೆಯಿಂದಲೇ ಹೊಳಪಿಲ್ಲದ ಕಾರುಗಳು ಬಂದಿವೆ. ನಮ್ಮ ಮನೆಯಲ್ಲಿಯೂ ಅಂಥದ್ದೊಂದಿದೆ. ಕಳೆದ ಮಳೆಗಾಲದ ಮೊದಲು ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವಾಗ ಗಾಳಿ ತಿರುಗಿ ಬೋರ್ಡೋ ದ್ರಾವಣದ ಹನಿಗಳು ಅಂಗಳದಲ್ಲಿದ್ದ ಕಾರಿನ ಬಾನೆಟ್ ಮೇಲೆ ಕುಳಿತವು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಜೊತೆಗೆ ಮಳೆಗೆ ತೊಳೆದುಹೋಗದಂತೆ ಅಂಟು ಬೇರೆ. ಅಡಿಕೆ ಗೊನೆಗೆ ಹಿಡಿದುಕೊಳ್ಳಲೆಂದೇ ಮಾಡಿದ ಮದ್ದು ಕಾರನ್ನು ಬಿಡುತ್ತದೆಯೇ? ಮರುದಿನ ನೋಡಿದಾಗ ನೀಲಿ ಅಂಚಿನ ಬಿಳಿ ಚುಕ್ಕೆಗಳು ಒಣಗಿ ಕುಳಿತಿದ್ದವು. ತೊಳೆದ ಮೇಲೂ ಕೆಲವೆಡೆ ಗುರುತು ಉಳಿದಿದೆ. ಹೊಳಪಿನ ಕಾರಾಗಿದ್ದರೆ ಪಾಲಿಶ್ ಹೊಡೆಸುತ್ತಿದ್ದೆವು. ಇದಕ್ಕೆ ಪಾಲಿಶ್ ಮುಟ್ಟಿಸಬಾರದಂತೆ.

ಉಪ್ಪಳದ ಪೈಂಟರ್:

ಮುಟ್ಟಿಸಲೇಬೇಡಿ. ಮ್ಯಾಟ್ ಕ್ಲಿಯರಿನ ಮೈ ಸೂಕ್ಷ್ಮವಾಗಿ ಒರಟಾಗಿರುತ್ತದೆ. ಬೆಳಕನ್ನು ಚೆದುರಿಸುವುದೇ ಅದರ ಕೆಲಸ. ಪಾಲಿಶ್ ಹಾಕಿ ಉಜ್ಜಿದ ಜಾಗ ನುಣುಪಾಗಿ ಹೊಳೆಯತೊಡಗಿದರೆ ಅದನ್ನು ಹಿಂದಕ್ಕೆ ತರಲಾಗದು. ಮೇಣವೂ ಬೇಡ, ಬ್ರಷ್ ತಿರುಗುವ ಯಂತ್ರದ ತೊಳೆತವೂ ಬೇಡ. ಮ್ಯಾಟಿಗೆ ಟಚ್‌ಅಪ್ ಎಂಬುದೂ ಇಲ್ಲ. ಒಂದು ರೂಪಾಯಿ ನಾಣ್ಯದಷ್ಟು ಗೀರಿದ್ದರೂ ಇಡೀ ಪ್ಯಾನಲ್ ಹೊಡೆಯಬೇಕು, ಏಕೆಂದರೆ ಕ್ಲಿಯರಿನ ಅಂಚನ್ನು ಉಜ್ಜಿ ಹೊಂದಿಸುವ ದಾರಿಯೇ ಇಲ್ಲ. ಹೊಳಪಿನ ಮಟ್ಟವೂ ಕೂಡಬೇಕಾದ್ದರಿಂದ ಬಣ್ಣ ಸರಿಹೋದರೂ ಕೆಲಸ ಕೆಡಬಹುದು. ಮದ್ದಿನ ಹನಿಯಾಗಲಿ, ಹಕ್ಕಿಯ ಹಿಕ್ಕೆಯಾಗಲಿ, ಗೇರುಹಣ್ಣಿನ ರಸವಾಗಲಿ ಒಣಗುವ ಮೊದಲೇ ಧಾರಾಳ ನೀರು ಬಿಟ್ಟು ತೊಳೆಯುವುದೊಂದೇ ಉಪಾಯ. ಮದ್ದು ಬಿಡುವ ದಿನ ಕಾರನ್ನು ನೆಂಟರ ಮನೆಗೆ ಕಳುಹಿಸಿಬಿಡುವುದು ಇನ್ನೂ ಒಳ್ಳೆಯದು.

ಕಾಸರಗೋಡಿನ ನಿವೃತ್ತ ಸರ್ವೇಯರ್:

ಮುಳ್ಳೇರಿಯದವರು ಕ್ಲೇಮ್ ಮಾಡುವ ಯೋಚನೆಯಲ್ಲಿದ್ದರೆ ಮೊದಲು ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗಾಗಿ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಲೆಕ್ಕ ಹಾಕಿ. ಶೇ. 50ರ ರಿಯಾಯಿತಿಗೆ ತಲುಪಿದವರು ಒಂದು ಕ್ಲೇಮ್ ಮಾಡಿದರೆ ಮುಂದಿನ ವರ್ಷ ಅದು ಸೊನ್ನೆಯಾಗಿ, ಆಮೇಲೆ 20, 25, 35, 45 ಎಂದು ಮೆಟ್ಟಿಲು ಹತ್ತಿ 50ಕ್ಕೆ ಮರಳಬೇಕು. ಆ 5 ವರ್ಷಗಳಲ್ಲಿ ಕಳೆದುಕೊಂಡದ್ದನ್ನೆಲ್ಲ ಕೂಡಿಸಿದರೆ ಒಂದು ವರ್ಷದ ಸ್ವಂತ ಹಾನಿಯ ಪ್ರೀಮಿಯಂನ ಶೇ. 125 ಆಗುತ್ತದೆ. ವರ್ಷ ಕಳೆದಂತೆ ಐಡಿವಿ ಇಳಿಯುವುದರಿಂದ ನಿಜವಾದ ನಷ್ಟ ಅದಕ್ಕಿಂತ ಸ್ವಲ್ಪ ಕಡಿಮೆ. ಆದರೂ 12,000 ಪ್ರೀಮಿಯಂ ಇರುವ ಕಾರಿಗೆ ಒಂದು ಬಾನೆಟ್ಟಿನ ಪೈಂಟಿಗಾಗಿ ಕ್ಲೇಮ್ ಮಾಡುವುದು ಬುದ್ಧಿವಂತಿಕೆಯಲ್ಲ. ಅಲ್ಲದೆ ಹೊರಗಿನ ಆಕಸ್ಮಿಕ ಕಾರಣದಿಂದಾದ ಹಾನಿಗೆ ಮಾತ್ರ ಪಾಲಿಸಿ ಹಣ ಕೊಡುತ್ತದೆ. ನಿಧಾನವಾಗಿ ಆದ ಸವೆತಕ್ಕೆ, ಮಾಸಿದ ಬಣ್ಣಕ್ಕೆ ಕೊಡುವುದಿಲ್ಲ. ನಿಮ್ಮ ಚುಕ್ಕೆಗಳು ಯಾವ ಕಡೆಗೆ ಸೇರುತ್ತವೆ ಎಂಬ ವಾದಕ್ಕೆ ಕೊನೆಯಿಲ್ಲ. ಬದಿಯಡ್ಕದವರ ಕಾರು ಹೊಸದು, ಬೋನಸ್ ಇನ್ನೂ ಕಡಿಮೆ, ಹಾನಿ ಸ್ಪಷ್ಟ. ಅವರು ಕ್ಲೇಮ್ ಮಾಡಿದ್ದು ಸರಿಯೇ.

ಮಂಜೇಶ್ವರದ ಉಪನ್ಯಾಸಕಿ:

ರಸಾಯನಶಾಸ್ತ್ರ ಪಾಠ ಮಾಡುವವಳಾಗಿ ಆ ‘ಹುಡಿ’ಯ ಬಗ್ಗೆ ಒಂದಿಷ್ಟು ಸೇರಿಸುತ್ತೇನೆ. ಅಲ್ಯೂಮಿನಾದ ತೆಳು ಹಳಕುಗಳ ಮೇಲೆ ಟೈಟಾನಿಯಂ ಡೈಆಕ್ಸೈಡ್ ಅಥವಾ ಕಬ್ಬಿಣದ ಆಕ್ಸೈಡ್ ಲೇಪಿಸಿ ತಯಾರಿಸುವ ಝಿರಾಲಿಕ್ ಎಂಬ ವರ್ಣದ್ರವ್ಯವನ್ನು ಜರ್ಮನಿಯ ಮರ್ಕ್ ಕಂಪನಿ ಜಪಾನಿನ ಓನಹಾಮಾದಲ್ಲಿದ್ದ ಒಂದೇ ಕಾರ್ಖಾನೆಯಲ್ಲಿ ಮಾಡುತ್ತಿತ್ತು. 2011ರ ಮಾರ್ಚ್ ತಿಂಗಳ ಭೂಕಂಪ ಮತ್ತು ಸುನಾಮಿಯ ನಂತರ ಆ ಕಾರ್ಖಾನೆ ನಿಂತುಹೋದಾಗ ಫೋರ್ಡ್‌ನಂಥ ಕಂಪನಿಯೂ ಕೆಲವು ಕಪ್ಪು ಮತ್ತು ಕೆಂಪು ಬಣ್ಣಗಳ ಕಾರುಗಳಿಗೆ ಆರ್ಡರ್ ತೆಗೆದುಕೊಳ್ಳುವುದನ್ನು ತಡೆಹಿಡಿಯಬೇಕಾಯಿತು. ಒಂದು ಮೂಲೆಯಲ್ಲಿ ತಯಾರಾಗುವ ಹುಡಿಯನ್ನು ನಂಬಿದ ಬಣ್ಣಕ್ಕೆ ಇಂಥ ಅಪಾಯ ಇದ್ದೇ ಇದೆ. ಆ ಮಾದರಿಯ ಕಾರು ಮಾರಾಟ ನಿಂತು ಹತ್ತು ವರ್ಷವಾದ ಮೇಲೆ ಅದೇ ಟಿಂಟ್ ಮಂಗಳೂರಿನ ಪೈಂಟ್ ಅಂಗಡಿಯಲ್ಲಿ ಸಿಗುತ್ತದೆಯೇ ಎಂಬುದನ್ನೂ ಕೊಳ್ಳುವವರು ಯೋಚಿಸಬೇಕು.

ಇನ್ನೊಂದು ವಿಷಯ ಬಂಪರಿನದ್ದು. ಈಗಿನ ಎಷ್ಟೋ ಕಾರುಗಳಲ್ಲಿ ಹಿಂದಿನ ಬಂಪರಿನ ಮೂಲೆಗಳ ಒಳಗೆ, ಪಕ್ಕದಿಂದ ಬರುವ ವಾಹನವನ್ನು ಗುರುತಿಸುವ ರಾಡಾರ್ ಇರುತ್ತದೆ. ಅದರ ಅಲೆಗಳು ಪೈಂಟನ್ನು ದಾಟಿಯೇ ಹೋಗಬೇಕು. ಲೋಹದ ಹುಡಿ ಇರುವ ಬಣ್ಣವನ್ನು ದಪ್ಪವಾಗಿ ಹೊಡೆದರೆ, ಒಳಗೆ ಪುಟ್ಟಿ ತುಂಬಿದರೆ ರಾಡಾರ್ ಕುರುಡಾಗಬಹುದು. ಅನೇಕ ತಯಾರಕರು ಆ ಜಾಗದಲ್ಲಿ ಪೈಂಟಿನ ದಪ್ಪಕ್ಕೆ ಮಿತಿ ಹಾಕಿದ್ದಾರೆ.

ಉಪ್ಪಳದ ಪೈಂಟರ್:

ಉಪನ್ಯಾಸಕಿಯವರು ಹೇಳಿದ್ದು ನಿಜ. ಹಳೆಯ ಪೈಂಟಿನ ಮೇಲೆಯೇ ಮತ್ತೆ ಹೊಡೆಯದೆ ಪೂರ್ತಿ ಇಳಿಸಿ ಹೊಡೆಯುವುದು ಅಥವಾ ಹೊಸ ಬಂಪರ್ ಹಾಕುವುದು ಲೇಸು. ಹೊಸ ಕಾರಿನಲ್ಲಿಯೇ ಬಂಪರಿನ ಬಣ್ಣ ಫೆಂಡರಿನ ಬಣ್ಣಕ್ಕೆ ಸರಿಯಾಗಿ ಕೂಡುವುದಿಲ್ಲ ಎಂಬುದನ್ನೂ ಗಮನಿಸಿ. ಪ್ಲಾಸ್ಟಿಕ್ ಭಾಗಗಳಿಗೆ ಪೈಂಟ್ ಆಗುವುದೇ ಬೇರೆ ಕಡೆ.

ಪೆರ್ಲದಿಂದ:

ಸಾದಾ ಬಿಳಿ ಕಾರು ಕೊಂಡು, ಬೇಕಾದ ಬಣ್ಣದ ವ್ರ್ಯಾಪ್ (ಮೈಗೆ ಅಂಟಿಸುವ ಪ್ಲಾಸ್ಟಿಕ್ ಹಾಳೆ) ಹಾಕಿಸಿಕೊಂಡರೆ ಈ ತೊಂದರೆಯೇ ಇಲ್ಲವಲ್ಲ?

ಕಾಸರಗೋಡಿನ ನಿವೃತ್ತ ಸರ್ವೇಯರ್:

ಆರ್‌ಸಿಯಲ್ಲಿ ಬಣ್ಣದ ಕಾಲಂ ಇದೆ. ವಾಹನದ ಬಣ್ಣ ಬದಲಾದರೆ ಆರ್‌ಟಿಒ ಕಚೇರಿಯಲ್ಲಿ ಅದನ್ನು ದಾಖಲಿಸಿ, ವಿಮಾ ಕಂಪನಿಗೂ ತಿಳಿಸಬೇಕು. ಇಲ್ಲವಾದರೆ ಅಪಘಾತವಾದ ದಿನ ಸರ್ವೇಯರರ ಮೊದಲ ಪ್ರಶ್ನೆಯೇ ಅದಾಗುತ್ತದೆ. ಪಾಲಿಸಿಯಲ್ಲಿ ನಮೂದಿಸದ ವ್ರ್ಯಾಪಿನ ಹಣವನ್ನು ಕ್ಲೇಮಿನಲ್ಲಿ ನಿರೀಕ್ಷಿಸುವಂತಿಲ್ಲ. ಆಲಿವ್ ಹಸಿರನ್ನಂತೂ ಯೋಚಿಸಲೇಬೇಡಿ, ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದಂತೆ ಅದು ಸೇನೆಗೆ ಮೀಸಲು. ನಮ್ಮ ಕೇರಳದಲ್ಲಿ ಬಣ್ಣದ ವಿಷಯ ಎಷ್ಟು ಬಿಗಿ ಎಂಬುದನ್ನು 2022ರ ಅಕ್ಟೋಬರ್ ನಂತರ ಬಿಳಿಯಾಗಿಬಿಟ್ಟ ಟೂರಿಸ್ಟ್ ಬಸ್ಸುಗಳೇ ಹೇಳುತ್ತವೆ.

ಬದಿಯಡ್ಕದ ಕಾರು ಮಾಲಕ:

ಹಿರಿಯರು ಹೇಳಿದಂತೆ ಎಸ್ಟಿಮೇಟನ್ನು ಸಾಲು ಸಾಲಾಗಿ ಬರೆಸಿ, ಟೆಸ್ಟ್ ತಗಡಿನ ಫೋಟೋಗಳೊಂದಿಗೆ ಮೇಲ್ ಮಾಡಿದೆ. ಸರ್ವೇಯರ್ ಮತ್ತೊಮ್ಮೆ ಬಂದು ನೋಡಿ ಮುಂದಿನ ಬಾಗಿಲಿನ ಬ್ಲೆಂಡಿಂಗ್ ಒಪ್ಪಿದ್ದಾರೆ. ಕ್ವಾರ್ಟರ್ ಪ್ಯಾನಲ್ ಮಾತ್ರ ಒಪ್ಪಲಿಲ್ಲ. ಅದರ ಹಣ ನಾನೇ ಕೊಟ್ಟು ಕೆಲಸ ಮಾಡಿಸುತ್ತಿದ್ದೇನೆ, ದೂರನ್ನೂ ಕೊಡುತ್ತೇನೆ. ಕಾರು ತರುವಾಗ ಏನೇನು ನೋಡಿಕೊಳ್ಳಬೇಕು?

ಉಪ್ಪಳದ ಪೈಂಟರ್:

ಸಂಜೆ ಹೊತ್ತು ಟ್ಯೂಬ್‌ಲೈಟಿನ ಕೆಳಗೆ ಕಾರು ಒಪ್ಪಿಸಿಕೊಳ್ಳಬೇಡಿ. ಬೆಳಿಗ್ಗೆ ಹೊರಗೆ ನಿಲ್ಲಿಸಿ, ಎಡಬದಿಯನ್ನು ಮೊದಲು ನೇರದಿಂದ, ಆಮೇಲೆ ಹೆಡ್‌ಲೈಟಿನ ಕಡೆಯಿಂದ ಓರೆಯಾಗಿ ನೋಡಿ. ಟ್ರೈ-ಕೋಟಿನ ದೋಷ ಓರೆಯಲ್ಲೇ ಕಾಣುವುದು. ಬಾಗಿಲು ತೆರೆದು ರಬ್ಬರ್ ಬೀಡಿಂಗಿನ ಅಂಚಿನಲ್ಲಿ ಪೈಂಟಿನ ಗೆರೆ ಇದೆಯೇ ನೋಡಿ. ಇದ್ದರೆ ಬೀಡಿಂಗ್ ಬಿಚ್ಚದೆ ಟೇಪ್ ಅಂಟಿಸಿ ಹೊಡೆದಿದ್ದಾರೆ ಎಂದರ್ಥ. ಆ ಟೆಸ್ಟ್ ತಗಡನ್ನು ಕೇಳಿ ತೆಗೆದುಕೊಳ್ಳಿ, ಹಿಂಬದಿಯಲ್ಲಿ ಫಾರ್ಮುಲಾ ನಂಬರನ್ನೂ ಎಷ್ಟು ಕೋಟ್ ಎಂಬುದನ್ನೂ ಬರೆಸಿಕೊಳ್ಳಿ.

ಕಾಸರಗೋಡಿನ ನಿವೃತ್ತ ಸರ್ವೇಯರ್:

ಇದನ್ನೆಲ್ಲ ನೋಡಿದ ಮೇಲೆಯೇ ಕೆಲಸ ತೃಪ್ತಿಕರವಾಗಿದೆ ಎಂಬ ಕಾಗದಕ್ಕೆ ಸಹಿ ಹಾಕಿ. ಕ್ವಾರ್ಟರ್ ಪ್ಯಾನಲ್‌ಗೆ ನೀವು ಕೊಟ್ಟ ಹಣದ ರಸೀದಿ ಪ್ರತ್ಯೇಕವಾಗಿರಲಿ; ಓಂಬುಡ್ಸ್‌ಮನ್ ಎದುರು ಅದು ಬೇಕಾಗುತ್ತದೆ.